ಹೋಟೆಲಿನ ಹೆಸರು ಉಳಿಯಬೇಕಾದರೆ

"ಹೋಟೆಲ್ ತಿಂಡಿನಾ? ಬರೀ ಸೋಡಾ, ಹಳೇ ಎಣ್ಣೆ" ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಟೇಬಲ್ ಒರೆಸುವ ಕೆಲಸಕ್ಕೆ ಸೇರಿದವನು ನಾನು, ಈಗ ಬೆಂಗಳೂರಿನಲ್ಲಿ ಸಣ್ಣ ದರ್ಶಿನಿ ನಡೆಸುತ್ತಿದ್ದೇನೆ. ಹೊಸದಾಗಿ ಶುರು ಮಾಡುವವರಿಗೆ ನಾಲ್ಕು ಮಾತು.

ಅಡುಗೆಮನೆಗೆ ಮರೆ ಕಟ್ಟಬೇಡಿ. ದೋಸೆ ಕಲ್ಲು ಗಿರಾಕಿಗೆ ಕಾಣಲಿ.

ಎಣ್ಣೆ ವಿಷಯದಲ್ಲಿ ಜಿಪುಣತನ ಬೇಡ. ಪೋಲಾರ್ ಅಂಶ, ಅಂದರೆ ಎಣ್ಣೆ ಮತ್ತೆ ಮತ್ತೆ ಕಾದಾಗ ಅದರಲ್ಲಿ ಹೆಚ್ಚುವ ಕೆಟ್ಟ ಅಂಶ, ಶೇ. 25 ದಾಟಿದ ಎಣ್ಣೆ ಬಳಸುವಂತಿಲ್ಲ ಎಂದು 2018ರಿಂದ ನಿಯಮವೇ ಇದೆ. ಬಣ್ಣ ಕಪ್ಪಾಗಿ, ನೊರೆ ಜಾಸ್ತಿಯಾಯಿತೋ, ಬಾಣಲೆ ಇಳಿಸಿ. ಆ ಎಣ್ಣೆಯನ್ನು ಬಯೋಡೀಸೆಲ್‌ಗೆ ಒಯ್ಯುವವರಿಗೆ ಕೊಡಿ. ಬೋಂಡಾ ಗಾಡಿಯವರಿಗೆ ಮಾತ್ರ ಮಾರಬೇಡಿ, ಅಲ್ಲಿ ತಿನ್ನುವವರೂ ನಮ್ಮವರೇ ಅಲ್ವಾ?

ಕಾಯಿ ಚಟ್ನಿಯನ್ನು ಬಕೆಟ್ ತುಂಬ ರುಬ್ಬಿಡಬೇಡಿ. ಬೇಸಿಗೆಯಲ್ಲಿ ನಾನು ಎರಡು ಗಂಟೆಗೊಮ್ಮೆ ರುಬ್ಬಿಸುತ್ತೇನೆ. ಹಳೆಯದರ ಮೇಲೆ ಹೊಸದು ಸುರಿಯುವಂತೆಯೇ ಇಲ್ಲ.

ಮುಖ್ಯವಾದದ್ದು ಇದು: ಗಿರಾಕಿ ತಿನ್ನುವುದನ್ನೇ ಕೆಲಸದವರಿಗೂ ಕೊಡಿ. ನಾನು ಮೊದಲು ದುಡಿದ ಕಡೆ ನಮಗೆ ರಾತ್ರಿ ಉಳಿದ ಸಾಂಬಾರು, ಅದೂ ಹುಳಿ ವಾಸನೆ. ಅಂಥ ಊಟ ಉಂಡವನಿಗೆ ಗಿರಾಕಿಯ ತಟ್ಟೆಯ ಚಿಂತೆ ಎಲ್ಲಿಂದ ಬರಬೇಕು? ಮೊನ್ನೆ ನಮ್ಮಲ್ಲಿ ಲೋಟ ತೊಳೆಯುವ ಅಕ್ಕನೇ ಬಂದು, "ಅಣ್ಣಾ, ಈ ಚಟ್ನಿ ಹಾಕ್ಬೇಡಿ" ಅಂದರು. ಪಾತ್ರೆ ಪೂರ್ತಿ ಚೆಲ್ಲಿಸಿದೆ.