ದುಡ್ಡು ಕಟ್ಟದೆ ಸರ್ಜರಿ ಜರ್ನಲ್‌ನಲ್ಲಿ ಪೇಪರ್: ರಾಜಾಜಿನಗರದ ನರ್ಸಿಂಗ್ ಹೋಮಿನಿಂದ ನನ್ನ ಅನುಭವ

ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮಿನ ಕೇಸುಗಳನ್ನಿಟ್ಟುಕೊಂಡು ಇಂಡೆಕ್ಸ್ ಆದ (ಸ್ಕೋಪಸ್‌ನಂಥ ಮಾನ್ಯ ಪಟ್ಟಿಯಲ್ಲಿರುವ) ಜರ್ನಲ್‌ಗೆ ಪೇಪರ್ ಕಳಿಸ್ತೀನಿ ಅಂದಾಗ ನನ್ನ ಬ್ಯಾಚಿನವರು ನಕ್ಕಿದ್ದರು. "ಕಾಲೇಜಿನ ಲೆಟರ್‌ಹೆಡ್ ಇಲ್ಲ, ಪಿಜಿಗಳಿಲ್ಲ, ಎಥಿಕ್ಸ್ ಕಮಿಟಿ ಇಲ್ಲ, ನಿಂದು ಯಾರು ಓದ್ತಾರೆ?" ಅಂತ. ಹೋದ ವರ್ಷದ ಕೊನೆಗೆ ಅಕ್ಸೆಪ್ಟ್ ಆಯ್ತು. ಪ್ರಕಟಣಾ ಶುಲ್ಕ ಸೊನ್ನೆ. ನಕ್ಕವರಲ್ಲಿ ಇಬ್ಬರು ಈಗ ಫೋನ್ ಮಾಡಿ "ಹೆಂಗ್ ಮಾಡ್ದೆ ಗುರೂ" ಅಂತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ, ಒಂದೆರಡು ಸಂಗತಿ ಬಿಟ್ಟು.

ವಿಷಯ ದೊಡ್ಡದೇನಲ್ಲ. ಲ್ಯಾಪ್ ಅಪೆಂಡಿಕ್ಸ್‌ನಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು (ಲ್ಯಾಪರೊಸ್ಕೋಪಿ) ಅಪೆಂಡಿಕ್ಸ್ ತೆಗೆಯುವಾಗ, ಅದರ ಬುಡ ಕಟ್ಟೋಕೆ ಕಂಪನಿಯ ರೆಡಿ ಲೂಪ್ (ಗಂಟು ಹಾಕಿಟ್ಟ ದಾರದ ಕುಣಿಕೆ) ಬದಲು ನಾವೇ ಹೊರಗೆ ರೋಡರ್ ಗಂಟು (ಎಳೆದರೆ ಜಾರಿ ಬಿಗಿಯಾಗುವ ಗಂಟು) ಹಾಕಿ ಒಳಗೆ ತಳ್ಳೋದು. ನೀವೂ ಮಾಡಿರುತ್ತೀರಿ. ನಮಗೆ ರೆಡಿ ಲೂಪ್ ಒಂದಕ್ಕೆ ಆರೇಳುನೂರು ಬೀಳುತ್ತಿತ್ತು, ಕೇಸಿಗೆ ಎರಡು ಮೂರು ಬೇಕು. ಕೈಗಂಟಾದರೆ ಒಂದಕ್ಕೆ ಇನ್ನೂರರ ಆಸುಪಾಸು. ಪೀಣ್ಯದ ಫ್ಯಾಕ್ಟರಿ ಹುಡುಗನ ಬಿಲ್ಲಿನಲ್ಲಿ ಸಾವಿರ ರೂಪಾಯಿ ಇಳಿದರೆ ಅದು ಅವನಿಗೆ ಲೆಕ್ಕಕ್ಕೆ ಬರುತ್ತೆ.

ಅಂದಹಾಗೆ ಈ ಆಪರೇಶನ್ನಿನ ಜಾತಕದಲ್ಲೇ ತಿರಸ್ಕಾರ ಬರೆದಿದೆ. ಜರ್ಮನಿಯ ಕೀಲ್‌ನಲ್ಲಿ ಕುರ್ಟ್ ಸೆಮ್ 1980ರಲ್ಲಿ ಲ್ಯಾಪರೊಸ್ಕೋಪಿಯಲ್ಲಿ ಅಪೆಂಡಿಕ್ಸ್ ತೆಗೆದು ಬರೆದು ಕಳಿಸಿದರೆ, ಅಮೆರಿಕದ ಜರ್ನಲ್ ಒಂದು ಇದು ಅನೈತಿಕ ಅಂತ ವಾಪಸ್ ಮಾಡಿತ್ತು. 1983ರಲ್ಲಿ 'ಎಂಡೋಸ್ಕೋಪಿ'ಯಲ್ಲಿ ಬಂತು. ಆತ ಗೈನಕಾಲಜಿಸ್ಟ್ ಬೇರೆ, ಸರ್ಜನ್‌ಗಳಿಗೆ ಉರಿಯದೆ ಇರುತ್ತಾ? ಟಾನ್ಸಿಲ್ ಆಪರೇಶನ್‌ಗೆ ಅಂತ ಹುಟ್ಟಿದ ರೋಡರ್ ಗಂಟನ್ನು ಲ್ಯಾಪರೊಸ್ಕೋಪಿಗೆ ತಂದವನೂ ಅವನೇ. ರಿಜೆಕ್ಟ್ ಇ-ಮೇಲ್ ಬಂದ ದಿನಗಳಲ್ಲಿ ಇದನ್ನು ನೆನೆಸಿಕೊಂಡು ಕಾಫಿ ಕುಡಿಯುತ್ತಿದ್ದೆ.

ರಿಜೆಕ್ಟ್ ಬೇಕಾದಷ್ಟು ಬಂದವು. ಮೊದಲ ಡ್ರಾಫ್ಟ್ ಹಳೇ ಕೇಸ್‌ಶೀಟುಗಳಿಂದ ಎತ್ತಿದ್ದು. ಒಂದು ವಿದೇಶಿ ಜರ್ನಲ್‌ನಿಂದ ವಾರದೊಳಗೆ ಡೆಸ್ಕ್ ರಿಜೆಕ್ಟ್, ಅಂದರೆ ಪರಿಶೀಲನೆಗೇ ಕಳಿಸದೆ ಎಡಿಟರ್ ಮಟ್ಟದಲ್ಲೇ ವಾಪಸ್. ಇನ್ನೊಂದರಲ್ಲಿ ಎರಡು ತಿಂಗಳು 'ವಿತ್ ಎಡಿಟರ್' ಅಂತ ಕೂತು, ಕೊನೆಗೆ ಎರಡು ಸಾಲು: ಫಾಲೋಅಪ್ (ಆಪರೇಶನ್ ಆದ ಮೇಲೆ ರೋಗಿಯನ್ನು ವಿಚಾರಿಸುತ್ತಿರೋದು) ಅಸ್ಪಷ್ಟ, ಹೊಸದೇನಿಲ್ಲ. ಕೆಳಗೆ ನಯವಾಗಿ, ನಮ್ಮದೇ ಪ್ರಕಾಶನದ ಇನ್ನೊಂದು ಜರ್ನಲ್‌ಗೆ ವರ್ಗಾಯಿಸೋಣವೇ ಅಂತ. ಅಲ್ಲಿನ ಶುಲ್ಕ ನೋಡಿದರೆ ಎರಡು ಸಾವಿರ ಡಾಲರ್ ಮೇಲೆ. ಆ ದುಡ್ಡಿಗೆ ನಾನು ಒಂದು ಹೊಸ ಕಾಟರಿ (ಕರೆಂಟಿನಿಂದ ಸುಟ್ಟು ರಕ್ತ ನಿಲ್ಲಿಸುವ ಯಂತ್ರ) ತರುತ್ತೇನೆ.

ಇದರ ನಡುವೆ ಒಂದು ಬರವಣಿಗೆ ಏಜೆನ್ಸಿಯವರು ಬಂದು ನಲವತ್ತು ಸಾವಿರ ಚಿಲ್ಲರೆಗೆ "ಸ್ಕೋಪಸ್ ಗ್ಯಾರಂಟಿ ಸಾರ್" ಅಂದರು. ಯಾವ ಜರ್ನಲ್ ಅಂತ ಪಟ್ಟು ಹಿಡಿದು ಕೇಳಿದ ಮೇಲೆ ಲಿಂಕ್ ಕೊಟ್ಟರು. ಹೆಸರು ಸರಿ, ಐಎಸ್‌ಎಸ್‌ಎನ್ (ಜರ್ನಲ್‌ನ ಗುರುತಿನ ನಂಬರು) ಸರಿ, ವೆಬ್‌ಸೈಟ್ ಮಾತ್ರ ನಕಲಿ. ಅಸಲಿ ಜರ್ನಲ್‌ನ ವಿಳಾಸವೇ ಬೇರೆ. ಹಾಗಾಗಿ ಇ-ಮೇಲ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಸ್ಕೋಪಸ್ ಪಟ್ಟಿಯಲ್ಲಿ ಪ್ರಕಾಶಕರು ಯಾರು ಅಂತ ನೋಡಿ, ಆ ಪ್ರಕಾಶಕರ ಸ್ವಂತ ಪುಟದಿಂದಲೇ ಜರ್ನಲ್‌ಗೆ ಹೋಗಿ.

ಅಲ್ಲಿಗೆ ಹಳೇ ಕೇಸ್‌ಶೀಟಿನ ಸಹವಾಸ ಬಿಟ್ಟು ಮುಂದಕ್ಕೆ ಬರುವ ಕೇಸುಗಳನ್ನು ಬರೆದಿಡೋಕೆ ಶುರು ಮಾಡಿದೆ. ಅದಕ್ಕೆ ಮೊದಲು ಎಥಿಕ್ಸ್ ಅನುಮತಿ (ರೋಗಿಗಳ ಹಿತ ನೋಡುವ ಕಮಿಟಿಯ ಒಪ್ಪಿಗೆ) ಬೇಕಲ್ಲ. ಸ್ವಂತ ಕಮಿಟಿ ಇಲ್ಲದವರು ಒಪ್ಪಂದ ಮಾಡಿಕೊಂಡು ಬೇರೆ ಸಂಸ್ಥೆಯ ಕಮಿಟಿಗೆ ಹೋಗಬಹುದು ಅಂತ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲೇ ಇದೆ. ನಮ್ಮವರಲ್ಲಿ ಬಹಳ ಜನ ಇದನ್ನು ಓದಿಯೇ ಇಲ್ಲ. ಶುಲ್ಕ, ಜೆರಾಕ್ಸ್, ಆಟೋ ಎಲ್ಲ ಸೇರಿ ಇಪ್ಪತ್ತು ಸಾವಿರ ದಾಟಿತು ಅಂತ ನೆನಪು. ಇಡೀ ಪೇಪರಿಗೆ ಹೋದ ದೊಡ್ಡ ಖರ್ಚು ಅದೇ. ಆಮೇಲೆ ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಅಧ್ಯಯನಗಳ ನೋಂದಣಿ ಪಟ್ಟಿ. ಅದು ಪುಕ್ಕಟೆ, ಆದರೆ 2018ರ ಏಪ್ರಿಲ್‌ನಿಂದ ಮೊದಲ ರೋಗಿ ಸೇರುವ ಮುಂಚೆಯೇ ನೋಂದಾಯಿಸಬೇಕು. ನಮ್ಮದು ಬರೀ ಅಬ್ಸರ್ವೇಶನಲ್ (ಆದದ್ದನ್ನು ನೋಡಿ ಬರೆದಿಡುವ ಅಧ್ಯಯನ), ಕಡ್ಡಾಯವೇನೂ ಇರಲಿಲ್ಲ. ಆದರೂ ಹಾಕಿದೆ. ಚಿಕ್ಕ ಜಾಗದಿಂದ ಬಂದ ಪೇಪರಿಗೆ ಆ ನಂಬರು ತೂಕ ಕೊಡುತ್ತೆ.

ಈಗ ಅಸಲು ವಿಷಯ. ಚಿಕ್ಕ ನರ್ಸಿಂಗ್ ಹೋಮಿನ ಪೇಪರ್ ಬಿದ್ದುಹೋಗೋದು ಫಾಲೋಅಪ್‌ನಲ್ಲಿ. ಗಾಯದ ಸೋಂಕು ಅಂತ ಬರೆಯಬೇಕಾದರೆ 30 ದಿನ ನೋಡಲೇಬೇಕು. ನಮ್ಮ ರೋಗಿ ಹೊಲಿಗೆ ಬಿಚ್ಚಿಸಿಕೊಂಡು ಹೋದರೆ ಹೋದ. ಪೀಣ್ಯದ ಹುಡುಗರಲ್ಲಿ ಅರ್ಧ ಜನ ಬಿಹಾರ, ಒಡಿಶಾ ಕಡೆಯವರು. ಊರಿಗೆ ಹೋದರೆ ಸಿಮ್ ಬೇರೆ. ಹಳೇ ಡೇಟಾದಲ್ಲಿ ಮೂವತ್ತನೇ ದಿನ ಸಿಕ್ಕವರು ನೂರಕ್ಕೆ ಅರವತ್ತು ಇದ್ದರೆ ಹೆಚ್ಚು.

ನಮ್ಮ ಓಟಿ ಸಿಸ್ಟರ್ ಒಂದು ಉದ್ದನೆ ಲೆಡ್ಜರ್ ಪುಸ್ತಕ ತಂದು ಗೆರೆ ಹಾಕಿಕೊಂಡರು. ರೋಗಿಗೊಂದು ಸಾಲು. ಡಿಸ್ಚಾರ್ಜ್ ದಿನ ಮೂರು ನಂಬರು: ಅವನದ್ದು, ಮೇಸ್ತ್ರಿಯದ್ದು, ಇನ್ನೊಬ್ಬರದ್ದು. ಆ ಮೂರನೆಯವರು ಯಾರು ಅನ್ನೋದನ್ನು ನಾನು ಹೇಳಲ್ಲ, ಸಿಸ್ಟರ್ ಐಡಿಯಾ ಅದು. ಮನೆಯವರಲ್ಲ ಅಂತ ಮಾತ್ರ ಹೇಳ್ತೀನಿ. ಏಳನೇ ದಿನ ಮತ್ತು ಮೂವತ್ತನೇ ದಿನ ಫೋನು, ಅವೇ ಪ್ರಶ್ನೆಗಳು, ಅದೇ ಕ್ರಮದಲ್ಲಿ: ಜ್ವರ ಬಂತಾ, ಗಾಯದಲ್ಲಿ ಕೀವು ಬಂತಾ, ಹೊಟ್ಟೆನೋವು ತಿರುಗಿ ಬಂತಾ, ಬೇರೆ ಡಾಕ್ಟ್ರ ಹತ್ರ ಹೋದ್ರಾ. ಕೊನೇ ಪ್ರಶ್ನೆಯೇ ಮುಖ್ಯ. ನಮ್ಮ ಹತ್ರ ಬರದವರೆಲ್ಲ ಗುಣವಾದವರಲ್ಲ. ಹಿಂದಿಯವರಿಗೆ ವಾರ್ಡ್‌ಬಾಯ್ ಮಾತಾಡುತ್ತಿದ್ದ. ಫೋನ್ ಎತ್ತದಿದ್ದರೆ ವಾಟ್ಸಾಪ್‌ನಲ್ಲಿ ಗಾಯದ ಫೋಟೋ. ಮೂರು ವರ್ಷ ಚಿಲ್ಲರೆಯಲ್ಲಿ ನೂರಎಂಬತ್ತರ ಹತ್ತಿರ ಕೇಸುಗಳಾದವು, ಮೂವತ್ತನೇ ದಿನ ಸಿಕ್ಕವರು ನೂರಕ್ಕೆ ತೊಂಬತ್ತರ ಮೇಲೆ. ಎಷ್ಟೋ ಕಾಲೇಜು ಥೀಸಿಸ್‌ಗಳಲ್ಲಿ ಇಷ್ಟು ನಾನು ನೋಡಿಲ್ಲ, ಹೇಳಿಬಿಡ್ತೀನಿ.

ಬುಡ ಬಿಚ್ಚಿಕೊಂಡ ಕೇಸು ಒಂದೂ ಇರಲಿಲ್ಲ. ಇದನ್ನು ಜಂಬದಿಂದ 'ಸೊನ್ನೆ ಪರ್ಸೆಂಟ್' ಅಂತ ಬರೆದಿದ್ದೆ. ಬಸವೇಶ್ವರನಗರದಲ್ಲಿರುವ ನಿವೃತ್ತ ಸಂಖ್ಯಾಶಾಸ್ತ್ರದ ಮೇಷ್ಟ್ರು ನೋಡಿ, "ಡಾಕ್ಟ್ರೇ, ಸೊನ್ನೆ ಅಂದ್ರೆ ಇನ್ನೂ ಆಗಿಲ್ಲ ಅಂತ ಅಷ್ಟೇ" ಅಂದರು. ಅವರು ಹೇಳಿಕೊಟ್ಟ ಲೆಕ್ಕ: ಮೂರನ್ನು ಕೇಸುಗಳ ಸಂಖ್ಯೆಯಿಂದ ಭಾಗಿಸಿ, ಅದು ಶೇಕಡ 95 ವಿಶ್ವಾಸದ ಮೇಲ್ಮಿತಿ, ಅಂದರೆ ನಿಜವಾದ ಪ್ರಮಾಣ ಅದನ್ನು ದಾಟಿರೋ ಸಾಧ್ಯತೆ ಬಹಳ ಕಡಿಮೆ. ನಮ್ಮ ಲೆಕ್ಕಕ್ಕೆ ಶೇಕಡ 1.7ರ ಹತ್ತಿರ. ಅಷ್ಟು ಬರೆದಿದ್ದಕ್ಕೆ ರಿವ್ಯೂವರ್ (ಜರ್ನಲ್ ಪರವಾಗಿ ಪೇಪರ್ ಪರೀಕ್ಷಿಸುವವರು) ಒಬ್ಬರು ಮೆಚ್ಚಿ ಒಂದು ಸಾಲು ಹಾಕಿದ್ದರು. ಮೇಷ್ಟ್ರು ಫೀಸು ತಗೊಳ್ಳಲಿಲ್ಲ. ಅವರ ಹರ್ನಿಯಾ ಮಾತ್ರ ಇನ್ನೂ ನನಗೆ ತೋರಿಸುತ್ತಿಲ್ಲ.

ಬರೆದದ್ದು ತಿರುಗಾ ಮುರುಗಾ. ಟೇಬಲ್‌ಗಳು ಮೊದಲು, ಆಮೇಲೆ ರಿಸಲ್ಟ್ಸ್, ಮೆಥಡ್ಸ್, ಇಂಟ್ರೊಡಕ್ಷನ್ ಕಟ್ಟಕಡೆಗೆ. ಪ್ರತಿ ಟೇಬಲ್ಲನ್ನೂ ಸಿಸ್ಟರ್‌ಗೆ ಕನ್ನಡದಲ್ಲಿ ವಿವರಿಸುತ್ತಿದ್ದೆ. ಅವರು ಎಲ್ಲಿ "ಅದ್ಹೆಂಗೆ ಸಾರ್?" ಅಂದರೋ ಅಲ್ಲಿ ತೂತು ಅಂತ ಅರ್ಥ. ತೂತುಬಿದ್ದ ಅಪೆಂಡಿಕ್ಸ್ ಕೇಸುಗಳನ್ನು ಯಾಕೆ ಬೇರೆ ಕಾಲಮ್ಮಿನಲ್ಲಿ ಹಾಕಿಲ್ಲ ಅಂತ ಅವರು ಕೇಳಿದ್ದನ್ನೇ ಆಮೇಲೆ ಇನ್ನೊಬ್ಬ ರಿವ್ಯೂವರೂ ಕೇಳಿದರು. ಅಷ್ಟರಲ್ಲಿ ನಮ್ಮ ಟೇಬಲ್ ರೆಡಿ ಇತ್ತು.

ಸಿಸ್ಟರ್ ಮೂರನೇ ಆಥರ್. ಇದಕ್ಕೂ ನಕ್ಕರು. ಐಸಿಎಂಜೆಇ (ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ಆಥರ್ ಆಗೋಕೆ ಹೇಳುವ ನಾಲ್ಕು ಷರತ್ತೂ ಅವರಿಗೆ ಹೊಂದುತ್ತವೆ: ಡೇಟಾ ಅವರದ್ದು, ಡ್ರಾಫ್ಟ್ ತಿದ್ದಿಸಿದ್ದು ಅವರು, ಕೊನೇ ಪ್ರತಿ ಒಪ್ಪಿದ್ದು ಅವರು, ಲೆಡ್ಜರ್‌ಗೆ ಜವಾಬ್ದಾರಿಯೂ ಅವರದ್ದೇ. ಹೆಸರು ಸೇರಿಸು ಅಂತ ಸೂಚನೆ ಕೊಟ್ಟ ಹಿರಿಯರೊಬ್ಬರಿಗೆ ಯಾರು ಏನು ಕೆಲಸ ಮಾಡಿದರು ಅನ್ನೋ ಫಾರಂ ಕಳಿಸಿ, ನಿಮ್ಮ ಭಾಗ ತುಂಬಿಕೊಡಿ ಸಾರ್ ಅಂದೆ. ಆ ಫಾರಂ ವಾಪಸ್ ಬರಲಿಲ್ಲ, ಜಗಳವೂ ಆಗಲಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗ. ಎಸ್‌ಪಿ ರೋಡಿನಲ್ಲಿ ನಾನೂರು ರೂಪಾಯಿಗೆ ಡಿಜಿಟಲ್ ತೂಗುತಕ್ಕಡಿ ತಂದು, ಕ್ಯಾಥೆಟರ್‌ಗೆ ಗಂಟು ಹಾಕಿ, ಸಲೈನ್‌ನಲ್ಲಿ ನೆನೆಸಿ ಎಳೆದು ನೋಡಿದೆ. ಕ್ರೋಮಿಕ್ ಕ್ಯಾಟ್‌ಗಟ್ (ಪ್ರಾಣಿಯ ಕರುಳಿನಿಂದ ಮಾಡಿದ ಹಳೇ ಹೊಲಿಗೆ ದಾರ) ನೆನೆದು ಉಬ್ಬಿ ಬಿಗಿಯಾಗಿ ಕೂತಿತು. ಅದೇ ಗಂಟು ಪಾಲಿಗ್ಲಾಕ್ಟಿನ್‌ನಲ್ಲಿ (ಕೃತಕ ದಾರ) ಜಾರಿತು. ಒಂದು ಸುತ್ತು ಹೆಚ್ಚು ಹಾಕಿ ಮೇಲೊಂದು ಹಾಫ್ ಹಿಚ್ (ಅರ್ಧ ಗಂಟು) ಕೊಟ್ಟ ಮೇಲೆ ನಿಂತಿತು. ಮೂಲ ಗಂಟು ಹುಟ್ಟಿದ್ದೇ ಕ್ಯಾಟ್‌ಗಟ್ ಕಾಲದಲ್ಲಿ, ಹಾಗಾಗಿ ಆಶ್ಚರ್ಯವಿಲ್ಲ. ಉತ್ಸಾಹದಿಂದ ಪೇಪರಿಗೆ ತುರುಕಿದೆ. ಎಳೆಯುವ ವೇಗಕ್ಕೆ ನಿಯಂತ್ರಣವಿಲ್ಲ, ತೆಗೆಯಿರಿ ಅಂತ ಜರ್ನಲ್‌ನಿಂದ ಬಂತು. ತೆಗೆದೆ. ಮೂರು ಭಾನುವಾರದ ಕೆಲಸ ಡ್ರಾಯರ್‌ನಲ್ಲಿದೆ.

ಚಿತ್ರಗಳು ತಲೆ ತಿಂದವು. ರೆಕಾರ್ಡರ್‌ನಿಂದ ತೆಗೆದ ಫ್ರೇಮು ಪರದೆಯಲ್ಲಿ ಚೆನ್ನಾಗಿ ಕಾಣುತ್ತೆ, ಜರ್ನಲ್‌ಗೆ ಸಾಲದು. ಫೋಟೋಗೆ 300 ಡಿಪಿಐ, ಗೆರೆಚಿತ್ರಕ್ಕೆ 1200. ಫೋಟೋಶಾಪ್‌ನಲ್ಲಿ ನಂಬರ್ ಮಾತ್ರ ಬದಲಾಯಿಸಿದರೆ ಮಸುಕು ಹೋಗಲ್ಲ. ಗಂಟಿನ ಹಂತಗಳನ್ನು ಮಲ್ಲೇಶ್ವರದ ಡಿಟಿಪಿ ಅಂಗಡಿಯಲ್ಲಿ ಕೋರೆಲ್ ಡ್ರಾನಲ್ಲಿ ಮಾಡಿಸಿದೆ, ದಾರ ಎಲ್ಲಿ ಮೇಲೆ ಎಲ್ಲಿ ಕೆಳಗೆ ಅಂತ ಯಾರಿಗೂ ತಿಳಿಯದ ಹಾಗೆ ಬಂತು. ಕೊನೆಗೆ ಚಿತ್ರಕಲಾ ಪರಿಷತ್ತಿನಲ್ಲಿ ಓದುವ ಹುಡುಗಿಯೊಬ್ಬಳು ಬಟ್ಟೆ ಒಣಗಿಸುವ ಹಗ್ಗದಲ್ಲಿ ತಾನೇ ಗಂಟು ಹಾಕಿ ಕಲಿತು, ಪೆನ್ನಿನಲ್ಲಿ ಬರೆದುಕೊಟ್ಟಳು. ಮೂರು ಸಾವಿರ ಕೊಟ್ಟೆ. ಪೇಪರ್ ನೋಡಿದವರೆಲ್ಲ ಮೊದಲು ಕೇಳೋದು ಆ ಚಿತ್ರವನ್ನೇ.

ರೆಫರೆನ್ಸ್ ಪಟ್ಟಿ ಮಾಡೋಕೆ ಜೊಟೆರೊ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಸಾಕು, ದುಡ್ಡಿನದ್ದು ಬೇಡ. ಪ್ರಕಟವಾದ ಮೇಲೆ ಜರ್ನಲ್ ವಾಪಸ್ ಪಡೆದ ಪೇಪರನ್ನು ಅದು ಕೆಂಪಗೆ ತೋರಿಸುತ್ತೆ. ನನ್ನ ಪಟ್ಟಿಯಲ್ಲೂ ಒಂದು ಕೆಂಪಾಗಿತ್ತು. ಎಐ ಬಳಸಿದ್ದರೆ ಬಳಸಿದೆ ಅಂತ ಬರೆಯಿರಿ, ರೆಫರೆನ್ಸ್ ಮಾತ್ರ ಅದರ ಕೈಲಿ ಕೇಳಬೇಡಿ, ಇಲ್ಲದ್ದನ್ನೂ ಇದೆ ಅನ್ನುತ್ತೆ.

ಜರ್ನಲ್ ಆರಿಸುವಾಗ ನೋಡಿದ್ದು ಒಂದೇ: ಓದುವವರು ದುಡ್ಡು ಕೊಡುವ ಚಂದಾ ಮಾದರಿಯದ್ದಾ, ಅಲ್ಲವಾ. ಚಂದಾ ಮಾದರಿಯಲ್ಲಿ ಸಾಮಾನ್ಯವಾಗಿ ಲೇಖಕ ಕಟ್ಟಬೇಕಿಲ್ಲ. ಅಕ್ಸೆಪ್ಟ್ ಆದ ಮೇಲೆ ಓಪನ್ ಆಕ್ಸೆಸ್ (ಎಲ್ಲರೂ ಪುಕ್ಕಟೆ ಓದೋ ಹಾಗೆ ಲೇಖಕನೇ ದುಡ್ಡು ಕಟ್ಟೋದು) ಬೇಕಾ ಅಂತ ಒಂದು ಪುಟ ಬರುತ್ತೆ, ಅವಸರದಲ್ಲಿ ಹೂಂ ಅಂದರೆ ಬಿಲ್ ಬರುತ್ತೆ. ಬೇಡ ಅನ್ನೋ ಆಯ್ಕೆ ಕೆಳಗಿರುತ್ತೆ. ಪ್ರಮೋಶನ್‌ಗೆ ಬೇಕಾದವರ ಲೆಕ್ಕ ಬೇರೆ, ಅವರು ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಪಟ್ಟಿ ನೋಡಿಕೊಳ್ಳಲಿ.

ಸಬ್‌ಮಿಟ್ ಮಾಡುವಾಗ ಬರೆದವರು ಯಾರು ಅಂತ ರಿವ್ಯೂವರ್‌ಗೆ ಗೊತ್ತಾಗದಂತೆ ಹೆಸರು ಮುಚ್ಚಿಡೋದು ಟೈಟಲ್ ಪೇಜಿಗೆ ಮುಗಿಯಲ್ಲ. ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ಹೆಸರು ಕೂತಿರುತ್ತೆ, ಲ್ಯಾಪ್ ಫ್ರೇಮಿನ ಮೂಲೆಯಲ್ಲಿ ಆಸ್ಪತ್ರೆ ಹೆಸರು, ಕೆಲವೊಮ್ಮೆ ರೋಗಿಯದ್ದೂ. ಎಡಿಟೋರಿಯಲ್ ಮ್ಯಾನೇಜರ್ (ಪೇಪರ್ ಕಳಿಸುವ ವೆಬ್‌ಸೈಟ್) ಪಿಡಿಎಫ್ ಕಟ್ಟಿಕೊಟ್ಟ ಮೇಲೆ ಅಪ್ರೂವ್ ಒತ್ತಬೇಕು. ನನ್ನ ಗೆಳೆಯನೊಬ್ಬ ಒತ್ತದೆ ನಾಲ್ಕೈದು ತಿಂಗಳು ಎಡಿಟರ್‌ಗೆ ಬೈಯುತ್ತ ಕೂತಿದ್ದ. ಕವರ್ ಲೆಟರ್ ನನ್ನದು ಅರ್ಧ ಪುಟ. ಅದರ ಎರಡನೇ ಪ್ಯಾರಾ ತೋರಿಸಿ ಅಂತ ಕೇಳಬೇಡಿ, ಮುಂದಿನ ಪೇಪರಿಗೂ ಅದೇ ಬೇಕು.

ಮೇಜರ್ ರಿವಿಶನ್‌ನಲ್ಲಿ (ದೊಡ್ಡ ಮಟ್ಟಕ್ಕೆ ತಿದ್ದಿ ಮತ್ತೆ ಕಳಿಸಿ ಅಂದಾಗ) ಹದಿನೈದರ ಮೇಲೆ ಪ್ರಶ್ನೆ ಬಂದವು. ಪ್ರತಿಯೊಂದಕ್ಕೂ ಪ್ರಶ್ನೆ, ಉತ್ತರ, ಪುಟ, ಸಾಲಿನ ಸಂಖ್ಯೆ ಬರೆದೆ. ಒಪ್ಪದ ಎರಡಕ್ಕೆ ಕಾರಣ ಕೊಟ್ಟು ಹಾಗೇ ಬಿಟ್ಟೆ, ಅವರೂ ಬಿಟ್ಟರು.

ಪ್ರೂಫ್ (ಅಚ್ಚಿಗೆ ಮುಂಚಿನ ಕರಡು) ಬಂದಾಗ ನೋಡಿ ತಿದ್ದೋಕೆ ಎರಡು ದಿನ ಕೊಟ್ಟರು. ಅಂಕಿಗಳೆಲ್ಲ ಸರಿ, ಹೆಸರುಗಳು ಕೆಟ್ಟಿದ್ದವು. ನಮ್ಮಲ್ಲಿ ಮನೆತನದ ಹೆಸರು ಎಲ್ಲರಿಗೂ ಇರಲ್ಲ, ಊರಿನ ಮತ್ತು ಅಪ್ಪನ ಇನಿಷಿಯಲ್ ಇರುತ್ತೆ. ಅವರ ಫಾರಂಗೆ ಮೊದಲ ಹೆಸರು, ಕೊನೆಯ ಹೆಸರು ಎರಡೂ ಬೇಕು. ಸಿಸ್ಟರ್‌ನ ಅಪ್ಪನ ಹೆಸರಿನ ಒಂದಕ್ಷರ ಅವರ ಕುಲನಾಮವಾಗಿ ಕೂತಿತ್ತು. ಆರ್ಸಿಡ್ (ಸಂಶೋಧಕರ ಗುರುತಿನ ನಂಬರು) ಖಾತೆ ತೆರೆಯುವ ದಿನವೇ ಹೆಸರನ್ನು ಒಂದು ರೀತಿ ನಿಗದಿ ಮಾಡಿ, ಎಲ್ಲ ಕಡೆ ಅದನ್ನೇ ಹಾಕಿ. ಪ್ರೂಫ್ ಹಂತದಲ್ಲಿ ತಿದ್ದಿದರೆ ಆಯ್ತು, ಪ್ರಕಟವಾದ ಮೇಲೆ ತಿದ್ದುಪಡಿ ಹಾಕಿಸೋಕೆ ಮತ್ತೆ ಎಲ್ಲ ಆಥರ್‌ಗಳ ಸಹಿ ಕೇಳುತ್ತಾರೆ.