ಮೊಟ್ಟೆ ಟ್ರೇಯಲ್ಲಿ 1,140 ಅಡಿ

ಕೆಲಸಕ್ಕೆ ಬಂದವರಿಗೆ ಮೊದಲ ದಿನ ನಾನು ಹೇಳುವ ಮಾತು ಒಂದೇ: ಮೈಮೇಲಿನ ಬಂಗಾರ ಬಿಚ್ಚಿಟ್ಟು ಬನ್ನಿ. ಹುಡುಗರು ಉಂಗುರ ತೆಗೆದರು. ಮಣ್ಣು ಜರಡಿ ಹಿಡಿಯಲು ಬಂದ ಹೆಂಗಸರು ಮಾತ್ರ ಮುಖ ಮುಖ ನೋಡಿಕೊಂಡರು. ಬಳೆ ಸರಿ, ತಾಳಿ ಹೇಗೆ ತೆಗೆಯುವುದು? ಕೊನೆಗೆ ತಾಳಿಯನ್ನು ರವಿಕೆಯೊಳಗೆ ಸೇರಿಸಿ ಮೇಲೊಂದು ಟವೆಲ್ ಬಿಗಿಯುವುದು ಅಂತ ರಾಜಿಯಾಯಿತು. ನಾವು ಹುಡುಕುವುದು ಒಂದು ಟನ್ ಮಣ್ಣಿನಲ್ಲಿ ಒಂದು ಗ್ರಾಮಿನ ಇಪ್ಪತ್ತನೇ ಒಂದು ಭಾಗ ಬಂಗಾರ. ಅಷ್ಟು ಸಿಕ್ಕರೂ ನಮಗೆ ಹಬ್ಬ. ಜರಡಿಯ ತಂತಿಗೆ ಉಂಗುರ ಒಮ್ಮೆ ಉಜ್ಜಿದರೆ ಸಾಕು, ಆ ಹೊಲದಲ್ಲಿ ಗಣಿಯೇ ಇದೆ ಅನ್ನುವ ಹಾಗೆ ಲ್ಯಾಬ್ ವರದಿ ಬರುತ್ತದೆ.

ನಾನು ಭೂವಿಜ್ಞಾನಿ. ಒಂದು ಖಾಸಗಿ ಕಂಪನಿಯ ಪರವಾಗಿ ಕೋಲಾರ ಜಿಲ್ಲೆಯಲ್ಲಿ, ಕೆಜಿಎಫ್ ಸುತ್ತಮುತ್ತ ಖನಿಜ ಶೋಧನೆ ಮಾಡಿದ ಅನುಭವ ಇದು. 2001ರ ಫೆಬ್ರುವರಿ 28ಕ್ಕೆ ಕೆಜಿಎಫ್ ಗಣಿ ಮುಚ್ಚಿತು. ಆಗ ಅದರ ತಳ ಸುಮಾರು 3.2 ಕಿಲೋಮೀಟರ್ ಆಳದಲ್ಲಿತ್ತು. ಆದರೆ ಬಂಗಾರ ಹೊತ್ತ ಕಪ್ಪು ಕಲ್ಲಿನ ಪಟ್ಟಿ ಗಣಿ ಇದ್ದಲ್ಲಿಗೇ ಮುಗಿಯುವುದಿಲ್ಲ. ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಹೋಗುತ್ತದೆ, ಅಗಲ ಮಾತ್ರ ಹೆಚ್ಚಿನ ಕಡೆ ಮೂರು ನಾಲ್ಕು ಕಿಲೋಮೀಟರ್. ಈ ಪಟ್ಟಿಯ ಉಳಿದ ಭಾಗದಲ್ಲಿ, ರಾಗಿ ಹೊಲ, ನೀಲಗಿರಿ ತೋಪಿನ ಕೆಳಗೆ ಏನಿದೆ ಅಂತ ನೋಡುವುದು ನಮ್ಮ ಕೆಲಸ.

ಶುರುವಿನದು ಮಾಮೂಲಿ. ಪಟ್ಟಿ ಉತ್ತರ ದಕ್ಷಿಣ ಇರುವುದರಿಂದ ನಾವು ಅಡ್ಡಡ್ಡ, ಪೂರ್ವ ಪಶ್ಚಿಮವಾಗಿ ನಡೆಯಬೇಕು. ಸಾಲಿಂದ ಸಾಲಿಗೆ 200 ಮೀಟರ್, ಸಾಲಿನೊಳಗೆ 25 ಮೀಟರ್‌ಗೊಂದು ಗುಂಡಿ. ಮೊಣಕೈ ಉದ್ದ ತೋಡಿ, ಒಣಗಿಸಿ, ಸಣ್ಣ ಜರಡಿ ಹಿಡಿದು, ನಂಬರ್ ಬರೆದು ಚೀಲಕ್ಕೆ ತುಂಬುವುದು. ಇದರ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ, ಬೆನ್ನು ನೋವು ಬಿಟ್ಟರೆ.

ಹೊಸದು ಅಂದರೆ ಗನ್ನು. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರ ಅದು. ಮಣ್ಣಿಗೆ ಒತ್ತಿ ಟ್ರಿಗರ್ ಎಳೆದರೆ ಒಂದೆರಡು ನಿಮಿಷದಲ್ಲಿ ಇಪ್ಪತ್ತು ಮೂವತ್ತು ಧಾತುಗಳ ಲೆಕ್ಕ ಕೊಡುತ್ತದೆ. ಮೊದಲೆಲ್ಲ ಲ್ಯಾಬ್‌ಗೆ ಕಳಿಸಿ ವಾರಗಟ್ಟಲೆ ಕಾಯಬೇಕಿತ್ತು. (ಟೀ ಅಂಗಡಿಯಲ್ಲಿ ನಮ್ಮ ಹುಡುಗ ಫೋನಿನಲ್ಲಿ "ಗನ್ ಕಾರಲ್ಲೇ ಇದೆ ಸಾರ್" ಅಂದ ಮೇಲೆ ಇಡೀ ಅಂಗಡಿ ತಣ್ಣಗಾಯಿತು. ಅಂದಿನಿಂದ ಅದಕ್ಕೆ 'ಮಿಷನ್' ಅಂತಲೇ ಹೆಸರು.) ಆದರೆ ನಾವು ಹುಡುಕುವ ಬಂಗಾರ ಅದರ ಕಣ್ಣಿಗೆ ಬೀಳುವುದಿಲ್ಲ, ಅಷ್ಟು ಕಡಿಮೆ ಇರುತ್ತದೆ. ಕಾಣುವುದು ಬಂಗಾರದ ಜೊತೆಗಾರ, ಆರ್ಸೆನಿಕ್. ಕೆಜಿಎಫ್‌ನ ಪಶ್ಚಿಮ ಭಾಗದ ಅದಿರಿನಲ್ಲಿ ಬಂಗಾರ ಗಂಧಕ, ಆರ್ಸೆನಿಕ್ ಸೇರಿದ ಖನಿಜಗಳ ಜೊತೆಗೇ ಇತ್ತು. ಹಾಗಾಗಿ ಮಿಷನ್ ಹಿಡಿದು ಆರ್ಸೆನಿಕ್ ಹುಡುಕುವುದು, ಅದು ಎದ್ದು ಕಂಡ ಜಾಗದ ಮಣ್ಣನ್ನು ಮಾತ್ರ ಬಂಗಾರದ ಪರೀಕ್ಷೆಗೆ ಕಳಿಸುವುದು. ಖರ್ಚು ಬಹಳ ಉಳಿಯುತ್ತದೆ.

ಆರ್ಸೆನಿಕ್ ಜಾಸ್ತಿ ಕಂಡ ಗುಂಡಿಗಳಿಗೆ ನಕ್ಷೆಯ ಮೇಲೆ ಕೆಂಪು ಚುಕ್ಕೆ ಇಡುತ್ತಿದ್ದೆವು. ಎರಡನೇ ತಿಂಗಳಿಗೆ ಅವುಗಳ ದೊಡ್ಡ ಗುಂಪು ಬಂತು. ಲ್ಯಾಬ್ ವರದಿಯಲ್ಲಿ ಬಂಗಾರವೂ ಇತ್ತು! ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಬೆಂಗಳೂರಿನ ನಮ್ಮ ಕಂಪನಿಯವರಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಅದೇ ತಪ್ಪು.

ಮರುದಿನ ನಕ್ಷೆ ನೋಡುತ್ತಾ ಕೂತಾಗ ಒಂದು ವಿಷಯ ಚುಚ್ಚತೊಡಗಿತು. ಅದಿರು ಇದ್ದರೆ ಚುಕ್ಕೆಗಳು ಕಲ್ಲಿನ ಜೊತೆ ಉತ್ತರ ದಕ್ಷಿಣ ಸಾಲಾಗಿ ಬರಬೇಕು. ಇವು ಬೀಸಣಿಗೆ ಬಿಚ್ಚಿದ ಹಾಗೆ ಪೂರ್ವಕ್ಕೆ ಹರಡಿದ್ದವು. ಕಲ್ಲು ಹಾಗೆ ನಡೆಯುವುದಿಲ್ಲ. ಉತ್ತರ ಹೇಳಿದ್ದು ಜರಡಿ ಹಿಡಿಯುತ್ತಿದ್ದ ಹೆಂಗಸು. "ಆಷಾಢದಲ್ಲಿ ಇಲ್ಲಿ ಬಟ್ಟೆ ಒಣಗಿಸೋಕೆ ಆಗಲ್ಲ ಸಾರ್, ಸೈನೈಡ್ ಗುಡ್ಡ ಎಲ್ಲಾ ಹಾರ್ಕೊಂಡು ಬರುತ್ತೆ."

ಸೈನೈಡ್ ಗುಡ್ಡ ಅಂದರೆ ಕೆಜಿಎಫ್‌ಗೆ ಹೋದ ಯಾರಿಗೂ ಗೊತ್ತು. ಅದಿರು ನುಣ್ಣಗೆ ಅರೆದು, ಸೈನೈಡ್ ನೀರಿನಲ್ಲಿ ಬಂಗಾರ ತೆಗೆದು, ಉಳಿದ ಹುಡಿಯನ್ನು ನೂರು ವರ್ಷ ಸುರಿದ ರಾಶಿಗಳು. 13 ದಿಬ್ಬ, 3 ಕೋಟಿ ಟನ್ನಿಗೂ ಜಾಸ್ತಿ. ಅದರಲ್ಲಿ ಚೂರು ಬಂಗಾರ ಈಗಲೂ ಉಳಿದಿದೆ. ಪಶ್ಚಿಮದ ಮಳೆಗಾಲದ ಗಾಳಿ ಅದನ್ನು ತಂದು ಪೂರ್ವದ ಹೊಲಗಳ ಮೇಲೆ ಹರಡಿತ್ತು. ನಾನು ಕಂಡುಹಿಡಿದದ್ದು ಹಳೇ ಗಣಿಯ ದೂಳನ್ನು. ಇಷ್ಟು ಕಣ್ಣೆದುರಿಗೇ ಇದ್ದ ಗುಡ್ಡ ನನ್ನ ತಲೆಗೆ ಹೊಳೆಯದೆ ಇದ್ದದ್ದಕ್ಕೆ ನೆಪ ಏನೂ ಇಲ್ಲ. ನಾನು ನಕ್ಷೆ ನೋಡುತ್ತಿದ್ದೆ, ಕಿಟಕಿ ಅಲ್ಲ.

ಖಾತ್ರಿ ಮಾಡಿಕೊಳ್ಳಲು ಒಂದೇ ಗುಂಡಿಯಲ್ಲಿ ಮೇಲಿಂದ ಕೆಳಕ್ಕೆ ಐದು ಕಡೆ ಮಿಷನ್ ಒತ್ತಿದೆವು. ಮೇಲಿನ ಒಂದು ಗೇಣು ಆರ್ಸೆನಿಕ್ ಜಾಸ್ತಿ, ಉಳುಮೆ ಮುಟ್ಟದ ಆಳಕ್ಕೆ ಹೋದರೆ ಏನಿಲ್ಲ. ಮಣ್ಣು ಕೆಳಗಿನ ಕಲ್ಲಿನಿಂದ ಹುಟ್ಟಿದ್ದರೆ ಲೆಕ್ಕ ಉಲ್ಟಾ ಇರಬೇಕಿತ್ತು. ಉಳುಮೆ ಹೊಲದಲ್ಲಿ ಮೊಣಕೈ ಆಳ ಸಾಲದು ಅಂತ ಬುದ್ಧಿ ಬಂತು. ಪೂರ್ವದ ಅಷ್ಟೂ ಸಾಲುಗಳನ್ನು ಒಂದು ಮೀಟರ್ ಆಳಕ್ಕೆ ಮತ್ತೆ ತೋಡಿದೆವು. ಬೀಸಣಿಗೆ ಮಾಯವಾಯಿತು. ಅದರ ಅಡಿಯಲ್ಲಿ ಒಂದು ತೆಳು ಗೆರೆ ಮಾತ್ರ ಉಳಿಯಿತು. ನಾಲ್ಕು ಸಾಲುಗಳಲ್ಲಿ, ಒಂದರ ಹಿಂದೆ ಒಂದು, ಸರಿಯಾಗಿ ಉತ್ತರ ದಕ್ಷಿಣ.

ಇನ್ನೂ ಆಳದ ಮಣ್ಣು ಸಿಕ್ಕರೆ ಚೆನ್ನ ಅನ್ನಿಸಿತು. ಅಗೆಯದೆಯೇ ಆಳದ ಮಣ್ಣು ತರುವವರು ಗೆದ್ದಲು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹುತ್ತದ ಮಣ್ಣು ಪರೀಕ್ಷಿಸಿ ಬಂಗಾರದ ಸುಳಿವು ಹಿಡಿಯುವ ಸಂಶೋಧನೆ ನಡೆದಿದೆ. ನಮ್ಮಲ್ಲಂತೂ ವರಾಹಮಿಹಿರ 6ನೇ ಶತಮಾನದಲ್ಲೇ ಹುತ್ತ ನೋಡಿ ನೀರು ಹೇಳುವ ಬಗ್ಗೆ ಬರೆದಿದ್ದಾನೆ. ಆದರೆ ಆಸ್ಟ್ರೇಲಿಯಾದಲ್ಲಿ ಹುತ್ತಕ್ಕೆ ಅರಿಶಿನ ಕುಂಕುಮ ಹಚ್ಚುವುದಿಲ್ಲ, ಅಲ್ವಾ? ನಾನು ಸುತ್ತಿಗೆ ಹಿಡಿದು ನಿಂತಾಗ ಹೊಲದ ಅಜ್ಜಿ ಕೂಗಿಕೊಂಡು ಓಡಿ ಬಂದರು. ಬೈದು ಸುಸ್ತಾದ ಮೇಲೆ ಅವರೇ ದಾರಿ ತೋರಿಸಿದರು: ಹಾಲೆರೆಯುವ ಹುತ್ತ ಮುಟ್ಟಬೇಡ, ಮಳೆಗೆ ಕುಸಿದು ಬಿದ್ದವು ಬೇಲಿಯ ಸಾಲಿನಲ್ಲಿ ಬೇಕಾದಷ್ಟಿವೆ, ಅದರ ಹೆಂಟೆ ತಗೋ. ಹೆಂಟೆಯ ಮೇಲಿನ ದೂಳು ಕೆರೆದು, ಒಳಗಿನ ಮಣ್ಣು ತೆಗೆದೆವು. ಹನ್ನೊಂದು ಹುತ್ತ. ಗೆರೆಯ ಮೇಲಿದ್ದ ಮೂರರಲ್ಲಿ ಆರ್ಸೆನಿಕ್ ಎದ್ದು ಕಂಡಿತು.

ಇಷ್ಟರಲ್ಲಿ ಊರವರಿಗೆ ನಾವು ಬೋರ್ ಪಾಯಿಂಟ್ ಮಾಡುವವರು ಅಂತ ಖಾತ್ರಿಯಾಗಿತ್ತು. ಗೆರೆಯಿಂದ ಪಶ್ಚಿಮಕ್ಕೆ ನೂರು ಮೀಟರ್‌ನಲ್ಲಿ ಒಬ್ಬ ರೈತರು ಟೊಮೆಟೊಗೆ ಬೋರ್ ಹೊಡೆಸಲು ಹೊರಟಿದ್ದರು. ಕೇಳಿದ ತಕ್ಷಣ ನನ್ನ ಎದೆ ಹೊಡೆದುಕೊಂಡಿತು. ನಮ್ಮ ಕಂಪನಿ ಡ್ರಿಲ್ಲಿಂಗ್‌ಗೆ ದುಡ್ಡು ಬಿಚ್ಚಲು ಮೀನಮೇಷ ಎಣಿಸುತ್ತಿತ್ತು. ಇಲ್ಲಿ ಒಬ್ಬರು ತಮ್ಮ ದುಡ್ಡಿನಲ್ಲಿ ಸಾವಿರ ಅಡಿ ಕೊರೆಸುತ್ತಿದ್ದಾರೆ! ಕೋಲಾರದಲ್ಲಿ ಇಂಥ ತೂತುಗಳು ಸಾವಿರಾರು. ಅದರಿಂದ ಬಂದ ಕಲ್ಲಿನ ಹುಡಿಯನ್ನು ಯಾರೂ ನೋಡುವುದಿಲ್ಲ.

ಗಾಡಿ ಬಂದದ್ದು ರಾತ್ರಿ ಒಂಬತ್ತಕ್ಕೆ. ರಿಗ್ಗಿನ ಹುಡುಗರಿಗೆ ಟೀ, ಬನ್ನು ಕೊಡಿಸಿ ಒಪ್ಪಿಸಿದೆ. 20 ಅಡಿಯ ಒಂದೊಂದು ರಾಡ್ ಇಳಿದಾಗಲೂ ಹಾರುವ ಹುಡಿಗೆ ಮೊರ ಹಿಡಿದು ಒಂದು ಹಿಡಿ ತೆಗೆಯುವುದು. ಇಡಲು ಡಬ್ಬಿ ತಂದಿರಲಿಲ್ಲ. ರೈತರ ಮನೆಯಿಂದ ಎರಡು ಮೊಟ್ಟೆ ಟ್ರೇ ಸಿಕ್ಕವು. ಒಂದು ಗುಳಿಗೆ ಒಂದು ರಾಡ್. ಮೊದಲು ಕೆಂಪು, ಆಮೇಲೆ ಹಳದಿ, ನಾಲ್ಕನೇ ಗುಳಿಯಿಂದ ಹಸಿರು ಮಿಶ್ರಿತ ಕಪ್ಪು. "ಕಪ್ಪು ಕಲ್ಲು ಬಿತ್ತು, ಇನ್ನು ಕಷ್ಟ" ಅಂದ ಏಜೆಂಟ್. ನನಗೆ ಬೇಕಾದದ್ದೇ ಆ ಕಪ್ಪು ಕಲ್ಲು, ಆದರೆ ರೈತರ ಮುಖ ನೋಡಿ ಸುಮ್ಮನಿದ್ದೆ.

ಬೆಳಗಿನ ಜಾವ 43ನೇ ಗುಳಿಗೆ, ಅಂದರೆ 860 ಅಡಿಗೆ, ಹುಡಿ ಬೆಳ್ಳಗಾಯಿತು. ಬೆಣಚು ಕಲ್ಲು. ಅದರಲ್ಲಿ ಬೆಳ್ಳಿಯಂತೆ ಮಿನುಗುವ ಚೂರುಗಳು. ಒಂದು ಚಕ್ಕೆಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟಿದೆ. ಬೆಳ್ಳುಳ್ಳಿ ವಾಸನೆ. ಆರ್ಸೆನಿಕ್ ಇರುವ ಆ ಖನಿಜದ ಗುರುತೇ ಅದು. ಕೆಜಿಎಫ್‌ನ ಅದಿರಿನ ಎಳೆಗಳು ಪಶ್ಚಿಮಕ್ಕೆ ಕಡಿದಾಗಿ ಇಳಿಯುತ್ತವೆ. ನಮ್ಮ ಗೆರೆ ಪೂರ್ವಕ್ಕೆ ನೂರು ಮೀಟರ್, ಇಲ್ಲಿ ಆಳ 260 ಮೀಟರ್. ಲೆಕ್ಕ ಕೂಡುತ್ತದೆ.

ಇದನ್ನೇ ನಂಬಿ ಅದಿರಿನ ಪ್ರಮಾಣ ಹೇಳಲು ಬರುವುದಿಲ್ಲ. ಬೋರ್‌ನಲ್ಲಿ ಮೇಲಿನ ಗೋಡೆ ಉದುರಿ ಕೆಳಗಿನ ಹುಡಿಗೆ ಸೇರುತ್ತದೆ. ಯಾವ ಕಲ್ಲು, ಯಾವ ಖನಿಜ, ಸುಮಾರು ಎಷ್ಟು ಆಳ ಅನ್ನುವುದಕ್ಕೆ ಸಾಕು, ಅಷ್ಟೇ. ಆದರೆ ಬೆಂಗಳೂರಿನವರು ಒಪ್ಪಲು ಅಷ್ಟೇ ಬೇಕಿತ್ತು. ಈಗ ಪಶ್ಚಿಮದಲ್ಲಿ ನಿಂತು ಪೂರ್ವಕ್ಕೆ ಓರೆಯಾಗಿ ಒಂದು ಕೋರ್ ಡ್ರಿಲ್ ಮಾಡಲು ಒಪ್ಪಿಗೆ ಸಿಕ್ಕಿದೆ. ಕಲ್ಲು ಉದ್ದ ಕೋಲಿನಂತೆ ಇಡಿಯಾಗಿ ಹೊರಬರುತ್ತದೆ. ಬಂಗಾರ ಇದೆಯೋ ಇಲ್ಲವೋ ಆಗ ನೋಡೋಣ.

ಆ ಬೋರ್ 1,140 ಅಡಿಗೆ ನಿಂತಿತು. ನೀರು ಬರಲಿಲ್ಲ. "ಇನ್ನೊಂದು ನೂರು ಅಡಿ ಹೊಡೆಸಲಾ ಸಾರ್?" ಅಂತ ರೈತರು ನನ್ನನ್ನೇ ಕೇಳಿದರು. ಕೊನೆಯ ಹತ್ತು ಗುಳಿ ನೋಡಿದೆ. ಬಿರುಕಿನ ಸುಳಿವೇ ಇಲ್ಲದ ಗಟ್ಟಿ ಕಪ್ಪು ಕಲ್ಲು. ಬೇಡ ಅಂದೆ.

ಟ್ರೇಗಳನ್ನು ಜೀಪಿಗೆ ಇಡುವಾಗ ಅವರ ಹೆಂಡತಿ ಬಂದು, ಮೊಟ್ಟೆ ಗಾಡಿಯವನು ಬುಧವಾರ ಬರುತ್ತಾನೆ, ಟ್ರೇ ವಾಪಸ್ ಕೊಡಬೇಕು ಅಂದರು. ಬಂಗಾರಪೇಟೆಯಿಂದ ಹೊಸದೆರಡು ತಂದು ಕೊಟ್ಟೆ.