ಕ್ಯೂಬ್ಸ್ ಹಾಕುವ ಮೊದಲು ಬಯೋಸ್ ನೋಡಿ

ಧಾರವಾಡದ ಒಂದು ವಕೀಲರ ಕಚೇರಿಯ ಕಂಪ್ಯೂಟರಿಗೆ ದಿನಕ್ಕೆ ಎಷ್ಟು ಮಂದಿಯ ಪೆನ್‌ಡ್ರೈವ್ ಚುಚ್ಚುತ್ತಾರೆ, ಯಾರ‍್ಯಾರೋ ಕಳಿಸಿದ ಎಷ್ಟು ಪಿಡಿಎಫ್ ತೆರೆಯುತ್ತಾರೆ ಎಣಿಸಿ ನೋಡಿ. ಕಕ್ಷಿದಾರರ ಕಾಗದಪತ್ರ, ಬ್ಯಾಂಕಿನ ಲಾಗಿನ್ ಎಲ್ಲ ಅದೇ ಮಷಿನ್ನಿನಲ್ಲಿ. ಇಂಥಲ್ಲಿ ವಿಂಡೋಸ್ ಬದಲು ಹಾಕುವ ಕ್ಯೂಬ್ಸ್ ಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬರೋಬ್ಬರಿ ಹೊಂದುತ್ತದೆ. ಒಂದೊಂದು ಕೆಲಸಕ್ಕೆ ಒಂದೊಂದು ವರ್ಚುವಲ್ ಮಷಿನ್ನು, ಅಂದರೆ ಕಂಪ್ಯೂಟರಿನೊಳಗೇ ಬೇರೆ ಬೇರೆ ಕೋಣೆಯಂಥ ಕಂಪ್ಯೂಟರು. ಒಂದು ಕೋಣೆಗೆ ಹೊಕ್ಕ ಕಳ್ಳ ಪಕ್ಕದ ಕೋಣೆಗೆ ಸುಲಭಕ್ಕೆ ದಾಟಲಾರ. ಸುರಕ್ಷತೆಗೆಂದೇ ಇರುವ ಇನ್ನೊಂದು ಸಿಸ್ಟಮ್ ಟೇಲ್ಸ್ ಯಾಕಾಗಬಾರದು ಎಂದರೆ, ಅದು ಪೆನ್‌ಡ್ರೈವ್‌ನಿಂದ ಓಡಲೆಂದೇ ಮಾಡಿದ್ದು, ಒಳಗಿನ ಡಿಸ್ಕಿಗಲ್ಲ. ಗದಗಿನ ಪ್ರೆಸ್ಸಿನಲ್ಲಿ ಕೋರೆಲ್‌ಡ್ರಾ ಓಡಿಸುವ ಅಥವಾ ಮದುವೆ ವಿಡಿಯೊ ಎಡಿಟ್ ಮಾಡುವ ಮಷಿನ್ನಿಗೆ ಮಾತ್ರ ಕ್ಯೂಬ್ಸ್ ಬೇಡ. ಕೋಣೆಗಳಿಗೆ ಗ್ರಾಫಿಕ್ಸ್ ಕಾರ್ಡಿನ ಬಲ ಸಿಗುವುದಿಲ್ಲ.

ಕನಿಷ್ಠ 6 ಜಿಬಿ ರ‍್ಯಾಮ್, 32 ಜಿಬಿ ಜಾಗ ಎಂದು ಕ್ಯೂಬ್ಸ್‌ನವರೇ ಹೇಳುತ್ತಾರೆ. ಅದನ್ನು ನಂಬಿ ಕೂತರೆ ತಲೆ ಚಚ್ಚಿಕೊಳ್ಳುತ್ತೀರಿ. 16 ಜಿಬಿ ರ‍್ಯಾಮ್, 128 ಜಿಬಿಗೆ ಕಡಿಮೆಯಿಲ್ಲದ ಎಸ್‌ಎಸ್‌ಡಿ ಇರಲಿ. ಹುಬ್ಬಳ್ಳಿಯಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವುದಾದರೆ ಅಂಗಡಿಯಲ್ಲೇ ಬಯೋಸ್ (ಮಷಿನ್ನು ಆನ್ ಆಗುವಾಗಲೇ ತೆರೆಯುವ ಸೆಟ್ಟಿಂಗ್ಸ್) ತೆರೆಸಿ: ಥಿಂಕ್‌ಪ್ಯಾಡಿಗೆ ಎಫ್1, ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10. ಹಳೆ ಕಂಪನಿಯವರು ಇಟ್ಟ ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿತೋ, ಆ ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಬನ್ನಿ. ಪ್ರೊಸೆಸರ್ ಇಂಟೆಲ್ ಆದರೆ, ವರ್ಚುವಲ್ ಮಷಿನ್ನಿಗೆ ಬೇಕಾದ ವಿಟಿ-ಎಕ್ಸ್ ಮತ್ತು ವಿಟಿ-ಡಿ ಎಂಬ ಸೌಲಭ್ಯ ಎರಡೂ ಆನ್ ಆಗಬೇಕು. ಥಿಂಕ್‌ಪ್ಯಾಡಿನಲ್ಲಿ ಇವು ಸೆಕ್ಯುರಿಟಿ, ಅದರೊಳಗೆ ವರ್ಚುವಲೈಸೇಷನ್ ಎಂಬಲ್ಲಿ ಅಡಗಿರುತ್ತವೆ. ಬಹಳ ಜನ ಮೊದಲನೆಯದನ್ನಷ್ಟೇ ಆನ್ ಮಾಡಿ ಎರಡನೆಯದನ್ನು ಮರೆಯುತ್ತಾರೆ. ನೆಟ್‌ವರ್ಕ್ ಕಾರ್ಡನ್ನು ಬೇರೆ ಕೋಣೆಯಲ್ಲಿ ಕೂಡಿಹಾಕುವುದೇ ಆ ಎರಡನೆಯದು. ಬಯೋಸಿನಲ್ಲೇ ಸೆಕ್ಯೂರ್ ಬೂಟ್ ಆಫ್ ಮಾಡಿ.

ಕ್ಯೂಬ್ಸ್ ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳಬೇಕಾದ ಐಎಸ್‌ಒ ಫೈಲು ಆರೇಳು ಜಿಬಿ. ಮೊಬೈಲಿನ ದಿನದ ಡೇಟಾ ಸಾಲದು. ಇಳಿಸಿದ ಫೈಲು ಅಸಲಿಯೇ ಎಂದು ತೋರಿಸುವ ಡಿಜಿಟಲ್ ಸಹಿಯನ್ನು ವಿಂಡೋಸ್‌ನಲ್ಲಿ ಕ್ಲಿಯೋಪಾತ್ರ ಎಂಬ ಪ್ರೋಗ್ರಾಮಿನಿಂದ ಪರೀಕ್ಷಿಸಬಹುದು. ಆ ಸಹಿಯ ಮೂಲವಾದ ಕ್ಯೂಬ್ಸ್ ಮಾಸ್ಟರ್ ಕೀಯ ಫಿಂಗರ್‌ಪ್ರಿಂಟ್ (ಗುರುತಿನ ಸಂಖ್ಯೆ) 40 ಅಕ್ಷರದ್ದು. ಅದನ್ನು ಒಮ್ಮೆ ಕಚೇರಿಯ ನೆಟ್‌ನಲ್ಲಿ, ಒಮ್ಮೆ ಬೇರೆಯವರ ಫೋನಿನಲ್ಲಿ ತೆರೆದು ಪೂರ್ತಿ ಹೋಲಿಸಿ. ಪುಟದಲ್ಲಿ ಕೊಟ್ಟ ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿದ ಗುರುತು) ಮಾತ್ರ ನೋಡಿದರೆ ಸಾಲದು, ಪುಟವೇ ನಕಲಿಯಾದರೆ ಹ್ಯಾಶೂ ನಕಲಿಯೇ. ಪೆನ್‌ಡ್ರೈವಿಗೆ ರೂಫಸ್ ಎಂಬ ಪ್ರೋಗ್ರಾಮಿನಿಂದ ಬರೆಯುವಾಗ ಐಎಸ್‌ಒ ಇಮೇಜ್ ಅಲ್ಲ, ಡಿಡಿ ಇಮೇಜ್ ಆರಿಸಿ. ಪೆನ್‌ಡ್ರೈವ್ ಬೂಟ್ ಆಗದಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಡಿಸ್ಕ್ ಪೂರ್ತಿ ಒರೆಸಿಹೋಗುತ್ತದೆ, ಹಾಗಾಗಿ ಬೇಕಾದ್ದನ್ನೆಲ್ಲ ಹೊರಗಿನ ಡಿಸ್ಕಿಗೆ ತೆಗೆದಿಡಿ. ವಿಂಡೋಸ್ ಜೊತೆಗೇ ಇರಲಿ ಎಂಬ ಆಸೆ ಬಿಡಿ. ಅಲ್ಲಿ ಹೊಕ್ಕ ವೈರಸ್ ಕ್ಯೂಬ್ಸ್‌ನ ಬೂಟ್ ಫೈಲುಗಳನ್ನೂ ಮುಟ್ಟಬಲ್ಲದು. ಹಳೆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿದ್ದರೆ ಇನ್ವರ್ಟರಿನ ಪ್ಲಗ್ಗಿಗೆ ಹಾಕಿ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ.

ಪೆನ್‌ಡ್ರೈವಿನಿಂದ ಬೂಟ್ ಮಾಡಿ (ಥಿಂಕ್‌ಪ್ಯಾಡ್, ಡೆಲ್‌ಗೆ ಎಫ್12, ಎಚ್‌ಪಿಗೆ ಎಫ್9). ‘ಅನ್‌ಸಪೋರ್ಟೆಡ್ ಹಾರ್ಡ್‌ವೇರ್’ ಎಂಬ ಎಚ್ಚರಿಕೆ ಬಂದು ಅದರಲ್ಲಿ ಐಒಎಂಎಂಯು (ವಿಟಿ-ಡಿ ಬಗೆಯ ಸೌಲಭ್ಯದ ಸಾಮಾನ್ಯ ಹೆಸರು) ಎಂಬ ಹೆಸರಿದ್ದರೆ ಕಂಟಿನ್ಯೂ ಒತ್ತಬೇಡಿ, ಬಯೋಸಿಗೆ ವಾಪಸ್ ಹೋಗಿ: ವಿಟಿ-ಡಿ ಆಫ್ ಇರಬಹುದು. ಮುಂದೆ ಇನ್‌ಸ್ಟಲೇಷನ್ ಡೆಸ್ಟಿನೇಷನ್‌ನಲ್ಲಿ ಗಾತ್ರ ನೋಡಿ ಒಳಗಿನ ಡಿಸ್ಕನ್ನೇ ಆರಿಸಿ. ಎನ್‌ಕ್ರಿಪ್ಟ್ ಟಿಕ್ ಮೊದಲೇ ಇರುತ್ತದೆ, ತೆಗೆಯಬೇಡಿ. ಜಾಗ ಸಾಲದು ಎಂದರೆ ರೀಕ್ಲೇಮ್ ಸ್ಪೇಸ್, ಡಿಲೀಟ್ ಆಲ್. ಕೀಬೋರ್ಡ್ ಅಮೆರಿಕನ್ ಇಂಗ್ಲಿಷ್ ಇರಲಿ. ಕನ್ನಡ ಲೇಔಟ್ ಹಾಕಿ ಪಾಸ್‌ಫ್ರೇಸ್ (ಎನ್‌ಕ್ರಿಪ್ಟ್ ಆದ ಡಿಸ್ಕಿನ ಪಾಸ್‌ವರ್ಡ್) ಕೊಟ್ಟರೆ ಬೂಟ್ ಆಗುವಾಗ ಅದನ್ನು ಮತ್ತೆ ಹೊಡೆಯಲಾಗದೆ ಒದ್ದಾಡುತ್ತೀರಿ. ಪಾಸ್‌ಫ್ರೇಸ್ ಮರೆತರೆ ಯಾವ ಅಂಗಡಿಯವನೂ ಡಿಸ್ಕ್ ಬಿಚ್ಚಲಾರ. ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಿ.

ರೀಬೂಟ್ ಆದಮೇಲೆ ಎರಡನೇ ಹಂತ. ಫೆಡೊರಾ, ಡೆಬಿಯನ್, ಹೂನಿಕ್ಸ್ ಟೆಂಪ್ಲೇಟ್‌ಗಳು (ಕೋಣೆಗಳಿಗೆ ಪ್ರೋಗ್ರಾಮುಗಳನ್ನು ಕೊಡುವ ಅಚ್ಚುಗಳು), ವರ್ಕ್, ಪರ್ಸನಲ್, ಅನ್‌ಟ್ರಸ್ಟೆಡ್, ವಾಲ್ಟ್ ಎಂಬ ಕೋಣೆಗಳು ಇಲ್ಲಿ ತಯಾರಾಗುತ್ತವೆ. ಪಟ್ಟಿ ಅಲ್ಲಾಡದೆ ನಿಂತಂತೆ ಕಂಡರೂ ಪವರ್ ಬಟನ್ ಒತ್ತಬೇಡಿ, ಒಂದು ಚಹಾ ಕುಡಿದು ಬನ್ನಿ. ಇಲ್ಲೇ ಸಿಸ್-ನೆಟ್ (ನೆಟ್‌ವರ್ಕ್ ಕಾರ್ಡ್ ಇರುವ ಕೋಣೆ) ಏಳದೆ, ಪಿಸಿಐ ರೀಸೆಟ್ ಆಗಲಿಲ್ಲವೆಂದು ದೂರಬಹುದು. ಕೆಲವು ಈಥರ್ನೆಟ್ ಕಾರ್ಡ್‌ಗಳಿಗೆ ತಮ್ಮನ್ನು ತಾವು ರೀಸೆಟ್ ಮಾಡಿಕೊಳ್ಳುವುದು ಬರುವುದಿಲ್ಲ, ಅಷ್ಟೆ. ಲಾಗಿನ್ ಆಗಿ ಸಿಸ್-ನೆಟ್ ಸೆಟ್ಟಿಂಗ್ಸ್, ಡಿವೈಸಸ್ ಟ್ಯಾಬ್‌ಗೆ ಹೋಗಿ ಆ ಒಂದು ಕಾರ್ಡಿಗೆ ಮಾತ್ರ ಸ್ಟ್ರಿಕ್ಟ್ ರೀಸೆಟ್ ಬಿಡಿಸಿ. ರಕ್ಷಣೆ ತುಸು ಸಡಿಲವಾಗುತ್ತದೆ, ನೆಟ್ ಓಡುತ್ತದೆ.

ಬಂದ ಪಿಡಿಎಫ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಕನ್ವರ್ಟ್ ಟು ಟ್ರಸ್ಟೆಡ್ ಪಿಡಿಎಫ್’ ಕೊಟ್ಟರೆ, ಬಿಸಾಡುವ ಕೋಣೆಯೊಂದರಲ್ಲಿ ಅದು ತೆರೆದು, ಪುಟಪುಟವೂ ಬರೀ ಚಿತ್ರವಾಗಿ ವಾಪಸ್ ಬರುತ್ತದೆ. ಒಳಗೆ ಅಡಗಿದ್ದ ಕೋಡ್ ಅಲ್ಲೇ ಸಾಯುತ್ತದೆ. ಆದರೆ ಅಕ್ಷರ ಹುಡುಕಲು, ಕಾಪಿ ಮಾಡಲು ಆಗುವುದಿಲ್ಲ.

ಕನ್ನಡ ಡಬ್ಬಿ ಡಬ್ಬಿಯಾಗಿ ಕಂಡರೆ ಫಾಂಟ್ ಪ್ಯಾಕೇಜನ್ನು ಟೆಂಪ್ಲೇಟಿನಲ್ಲಿ ಹಾಕಿ, ಅದನ್ನು ಬಂದ್ ಮಾಡಿ, ಕೆಲಸದ ಕೋಣೆಯನ್ನು ಮತ್ತೆ ಶುರು ಮಾಡಿ. ನೇರ ಕೆಲಸದ ಕೋಣೆಯಲ್ಲಿ ಹಾಕಿದ್ದು ಬಂದ್ ಮಾಡಿದ ಕೂಡಲೇ ಮಾಯ. ಉಳಿಯುವುದು ಮುಖ್ಯವಾಗಿ ಹೋಮ್ ಫೋಲ್ಡರಿನದು. ನುಡಿಯಲ್ಲಿ ಟೈಪಾದ ಯುನಿಕೋಡ್ ಪೂರ್ವದ ವಕಾಲತ್ತು, ಅರ್ಜಿಗಳಿಗೆ ಆ ಹಳೆಯ ನುಡಿ ಫಾಂಟ್ ಫೈಲೇ ಬೇಕು. ವಿಂಡೋಸ್ ಒರೆಸುವ ಮೊದಲೇ ಅದನ್ನೂ ಬ್ಯಾಕಪ್ಪಿಗೆ ಸೇರಿಸಿ.